ಕಡಲೆ ತೂಗಿ ಅಣು ಎಣಿಸಿದ ವತ್ಸಲಾ

ಸಂಜೆ ಐದೂವರೆಯಾಯಿತೆಂದರೆ ಕೆಳಗಿನ ಫ್ಲ್ಯಾಟಿನಲ್ಲಿ ಕಡಲೆಕಾಳು ಸ್ಟೀಲ್ ತಟ್ಟೆಗೆ ಸುರಿಯುವ ಸದ್ದು. ಹಿಂದೆಯೇ ಹತ್ತು ಹನ್ನೆರಡು ಹುಡುಗಿಯರ ನಗು. ಅದರಲ್ಲಿ ನನ್ನ ಮಗಳು ಸುಧಾಳದೂ ಒಂದು. ತೊಂಬತ್ತರ ದಶಕದ ಕೊನೆಯ ಆ ಎರಡು ವರ್ಷ, ಮದ್ರಾಸಿನ ಅಡ್ಯಾರಿನಲ್ಲಿ, ನಾನು ಹೊಟ್ಟೆಕಿಚ್ಚಿನಲ್ಲೇ ಕಳೆದೆ. ಮುಚ್ಚಿಡುವುದೇನು?

ನಾನು ಕಾನ್ವೆಂಟಿನಲ್ಲಿ ಓದಿದವಳು, ಕೆಮಿಸ್ಟ್ರಿ ಎಂ.ಎಸ್ಸಿ., ಇಪ್ಪತ್ತು ವರ್ಷ ಪ್ಲಸ್ ಟೂಗೆ ಪಾಠ ಹೇಳಿದ ಟೀಚರ್. ಕೆಳಗಿನ ಫ್ಲ್ಯಾಟಿನ ವತ್ಸಲಾ ಬರೀ ಬಿ.ಎಸ್ಸಿ. ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಮನೆತನ. ಮಾತು ಅರ್ಧ ಕನ್ನಡ, ಅರ್ಧ ತಮಿಳು. ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಅಡುಗೆಮನೆಯ ತಕ್ಕಡಿ. ಆದರೂ ಪಾಠಕ್ಕೆ ಮಕ್ಕಳೆಲ್ಲ ಅವಳ ಮನೆಗೇ.

ಒಮ್ಮೆ ಸುಧಾಳನ್ನು ಕರೆಯುವ ನೆಪ ಮಾಡಿ ಇಳಿದುಹೋಗಿ ಬಾಗಿಲಲ್ಲಿ ನಿಂತೆ.

"ನೂರು ಕಡಲೆ ಒಂದ್ಸಲ ಎಣಿಸಿ ತೂಗಿಟ್ಕೋ ಕಣ್ಣಾ. ಅಪ್ಪುರಂ, ಆಮೇಲೆ, ಡಬ್ಬಾ ಪೂರಾ ಕೂತ್ಕೊಂಡು ಎಣಿಸೋ ತಲೆನೋವು ಯಾಕೆ? ತೂಗು, ಭಾಗಿಸು, ನೂರರಿಂದ ಗುಣಿಸು. ಅಣುನೂ ಹಂಗೇ. ನೂರರ ಜಾಗದಲ್ಲಿ ಆವೊಗಾಡ್ರೋ ನಂಬರ್, ಅಷ್ಟೇ. ಇಂದಾ, ತಗೋ, ಹದಿನೆಂಟು ಗ್ರಾಂ ನೀರು, ಒಂದು ಮೋಲ್. ಕುಡಿ! ಎಷ್ಟು ಅಣು ಕುಡಿದೆ?"

"ಸಿಕ್ಸ್ ಪಾಯಿಂಟ್ ಝೀರೋ ಟೂ ಇಂಟು ಟೆನ್ ಟು ದ ಟ್ವೆಂಟಿ ತ್ರೀ, ಆಂಟಿ!"

"ಅಷ್ಟು ಕುಡಿದೂ ದಾಹ ಹೋಗ್ಲಿಲ್ವಾ?" ಕೋಣೆ ಪೂರ್ತಿ ನಗು. ನನ್ನನ್ನು ಕಂಡು, "ವಾಂಗೋ ಮೇಡಂ, ಬನ್ನಿ. ತಪ್ಪಿದ್ರೆ ತಿದ್ದಿ" ಎಂದಳು. ತಪ್ಪು ಹುಡುಕಿದೆ. ಸಿಗಲಿಲ್ಲ.

ಪರೀಕ್ಷೆಗೆ ವಾರವಿದ್ದಾಗ ಹಟ ಹಿಡಿದು ಸುಧಾಳಿಗೆ ನಾನೇ ಪಾಠಕ್ಕೆ ಕೂತೆ. ಹದಿನಾರು ಗ್ರಾಂ ಆಕ್ಸಿಜನ್ ಅನಿಲದಲ್ಲಿ ಎಷ್ಟು ಅಣು? "ಒಂದು ಮೋಲ್. ನೆಕ್ಸ್ಟ್!" ಎಂದುಬಿಟ್ಟೆ.

"ಅಲ್ಲಮ್ಮ, ಅರ್ಧ ಮೋಲ್. ಮೂವತ್ತೆರಡರಿಂದ ಭಾಗಿಸಬೇಕು. ಆಕ್ಸಿಜನ್ ಒಂಟಿಯಾಗಿ ತಿರುಗಲ್ಲ, ಜೋಡಿ ಕಟ್ಕೊಂಡೇ ಬರುತ್ತೆ ಅಂತ ವತ್ಸಲಾ ಆಂಟಿ ಹೇಳ್ಕೊಟ್ಟಿದಾರೆ."

"ಐ ವಾಸ್ ಟೆಸ್ಟಿಂಗ್ ಯೂ" ಎಂದೆ. ಮಗಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಪುಟ ತಿರುಗಿಸಿದಳು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ವತ್ಸಲಾ ಆಮೇಲೆ ಪಲ್ಲಾವರಂ ಕಡೆ ಮನೆ ಮಾಡಿದಳು. ಎಂಟು ಹತ್ತು ವರ್ಷದ ನಂತರ ಅಲ್ಲಿಯ ವಾರದ ಸಂತೆಯ ಬಳಿ, ಬಸ್ ಸ್ಟಾಪಿನಲ್ಲಿ ಸಿಕ್ಕಳು. ತೀರ ಇಳಿದುಹೋಗಿದ್ದಳು. ಸುಧಾ ಆಗಷ್ಟೇ ಕೆಮಿಸ್ಟ್ರಿ ಟೀಚರಾಗಿ ಸೇರಿದ್ದಳು. "ಆಂಟಿಯಿಂದಲೇ ನಾನು ಟೀಚರಾದೆ. ಎಲ್ಲಾದರೂ ಕಂಡರೆ ಮರೀದೆ ಹೇಳಮ್ಮ" ಎಂದು ಫೋನಿನಲ್ಲಿ ನನಗೆ ಎರಡು ಸಲ ಹೇಳಿದ್ದಳು.

"ನಮ್ಮ ಸುಧಾ ಏನ್ ಮಾಡ್ತಿದಾಳೆ ಮೇಡಂ?"

"ಕೆಮಿಸ್ಟ್ರಿ ಟೀಚರ್."

"ಅಯ್ಯೋ, ಅಮ್ಮನ ಹಾಗೇ!" ಅವಳ ಕಣ್ಣಲ್ಲಿ ನೀರೇ ಬಂತು.

"ಹೌದು, ನನ್ನ ಹಾಗೇ" ಎಂದೆ.

ಅವಳ ಬಸ್ಸು ಬಂತು. ಜನರ ನಡುವೆ ನುಸುಳಿ, ಕಿಟಕಿಯ ಪಕ್ಕ ಸೀಟು ಹಿಡಿದು, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನನಗೆ ಕೈ ಬೀಸುತ್ತಲೇ ಇದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.