ಕುದುರೆ ಸವಾರನ ಸಿನಿಮಾ ಮತ್ತು ಕೊನೆಮನೆಯ ಗಂಗಾಧರಪ್ಪ

ಮೊನ್ನೆ ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ವಿದ್ಯಾರ್ಥಿಗಳೆಲ್ಲ ಸೇರಿ ಹಳೆಯದೊಂದು ಕೌಬಾಯ್ ಸಿನಿಮಾ ತೋರಿಸುತ್ತಾರಂತೆ. ಅದಕ್ಕೆ ಮೊದಲು ನಾನು ಹತ್ತು ನಿಮಿಷ ಮಾತಾಡಬೇಕಂತೆ. "ಗುಣ, ದೋಷ ಎರಡೂ ಹೇಳ್ಬೇಕು ಸರ್" ಅಂದಳು. ಸಿನಿಮಾದ ಹೆಸರು ಕೇಳಿದ್ದೇ ತಡ, ಭದ್ರಾವತಿಯ ಟಾಕೀಸಿನ ಬೀಡಿ ಹೊಗೆ ಮೂಗಿಗೆ ಬಡಿದಂತಾಯಿತು.

ಗುಣ ಹೇಳುವುದು ಸುಲಭ. ಬಟ್ಟಬಯಲು, ಗಾಳಿ, ದೂರದಲ್ಲೊಂದು ಚುಕ್ಕೆ. ಆ ಚುಕ್ಕೆ ಕುದುರೆಯಾಗಿ, ಕುದುರೆಯ ಮೇಲೊಬ್ಬ ಮನುಷ್ಯನಾಗಿ ಹತ್ತಿರ ಬರುವವರೆಗೆ ಕ್ಯಾಮೆರಾ ಸುಮ್ಮನೆ ಕಾಯುತ್ತದೆ. ಅಷ್ಟು ತಾಳ್ಮೆಯನ್ನು ನಾನು ಬೇರೆ ಸಿನಿಮಾಗಳಲ್ಲಿ ಕಂಡದ್ದು ಕಡಿಮೆ. ನಾಯಕ ಆಡುವ ಮಾತುಗಳೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸಿಯಾವು. ಊರಿನಲ್ಲಿ ಕುದುರೆಗಳು ಕಳುವಾಗುತ್ತವೆ. ಊರಂಚಿನ ಗುಡಿಸಲಿನಲ್ಲಿ ಯಾರೊಡನೆಯೂ ಸೇರದೆ ಬದುಕುವ ಒಬ್ಬನ ಮೇಲೆ ನಾಯಕನಿಗೆ ಅನುಮಾನ. ಕೊನೆಗೆ ಅವನೇ ಕಳ್ಳ. ಗುಂಡು ಹಾರುತ್ತದೆ, ನಾವು ಶಿಳ್ಳೆ ಹಾಕುತ್ತೇವೆ.

ಆ ಸಿನಿಮಾ ಭದ್ರಾವತಿಗೆ ಬಂದಾಗ ನಾನು ಅಲ್ಲಿನ ನ್ಯೂಟೌನಿನ ಶಾಲೆಗೆ ಹೊಸದಾಗಿ ಸೇರಿದ್ದ ಮೇಷ್ಟ್ರು. ಪಕ್ಕದ ಮನೆಯ ಪೆರುಮಾಳ್ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಒಂದೇ ವಾರದಲ್ಲಿ ಇಬ್ಬರೂ ಆ ಸಿನಿಮಾವನ್ನು ಮೂರು ಸಲ ನೋಡಿದೆವು. ಮೂರನೆಯ ಸಲ ನೋಡಿ ಬಂದ ಮರುದಿನ, ಭಾನುವಾರ ಬೆಳಿಗ್ಗೆ, ಬಾಗಿಲ ಮುಂದೆ ನನ್ನ ಸೈಕಲ್ಲು ಇರಲಿಲ್ಲ.

"ಮೇಷ್ಟ್ರೇ, ನಂಗೆ ಆ ಕೊನೆಮನೆಯವ್ನ ಮೇಲೇ ಡೌಟು" ಅಂದ ಪೆರುಮಾಳ್. "ಬಂದು ಎರಡು ತಿಂಗಳಾಯ್ತು. ಯಾರ ಹತ್ರನೂ ಒಂದು ಮಾತಿಲ್ಲ."

ನನಗೂ ಒಳಗೊಳಗೇ ಅದೇ ಅನುಮಾನ. ನಮ್ಮ ಸಾಲಿನ ಕೊನೆಮನೆಯ ಗಂಗಾಧರಪ್ಪನವರಿಗೆ ಐವತ್ತರ ಆಸುಪಾಸು, ಒಬ್ಬರೇ ಇರುತ್ತಿದ್ದರು. ಕಿಟಕಿ ಸದಾ ಮುಚ್ಚಿರುತ್ತಿತ್ತು. ನಲ್ಲಿಯ ಹತ್ತಿರ ಎದುರಾದರೆ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು. ನೀವೇ ನೋಡಿ, ನಾಯಕ ಮಾತಾಡದಿದ್ದರೆ ಗಾಂಭೀರ್ಯ, ನೆರೆಯವರು ಮಾತಾಡದಿದ್ದರೆ ಕಳ್ಳತನ! ಆ ಬೆಳಿಗ್ಗೆ ನನಗಿದು ಹೊಳೆಯಲಿಲ್ಲ. ಬೆಲ್ಟು ಬಿಗಿದುಕೊಂಡು, ನಾಯಕನಂತೆ ಒಂದೊಂದೇ ಹೆಜ್ಜೆಯಿಡುತ್ತ ಹೊರಟೆ, ಹಿಂದೆಯೇ ಪೆರುಮಾಳ್. ಹವಾಯಿ ಚಪ್ಪಲಿಯಲ್ಲಿ ಆ ನಡಿಗೆ ಅಷ್ಟೇನೂ ಚೆನ್ನಾಗಿ ಬರುವುದಿಲ್ಲ.

ಗಂಗಾಧರಪ್ಪನವರೇ ಬಾಗಿಲು ತೆರೆದರು. "ನನ್ನ ಸೈಕಲ್ ಕಾಣ್ತಿಲ್ಲ" ಅಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಒಳಗೆ ಬಂದು ನೋಡಿ."

ಹೋಗಬಾರದಿತ್ತು. ಹೋದೆವು. ಒಂದು ಚಾಪೆ, ಸ್ಟೋವು, ನಾಲ್ಕು ಪಾತ್ರೆ. ಮೂಲೆಯಲ್ಲಿ ಬೀಗ ಹಾಕಿದ ದೊಡ್ಡ ಟ್ರಂಕು. "ಅದ್ರಲ್ಲಿ ಏನಿದೆ?" ಅಂದ ಪೆರುಮಾಳ್. ಟ್ರಂಕಿನಲ್ಲಿ ಸೈಕಲ್ಲು ಹೇಗೆ ಹಿಡಿಸೀತು? ಬಿಚ್ಚಿ ಇಟ್ಟಿರಬಹುದಲ್ಲ ಎಂದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನಾನೇ ಯೋಚಿಸಿದೆ.

ಗಂಗಾಧರಪ್ಪ ಉಡುದಾರಕ್ಕೆ ಕಟ್ಟಿಕೊಂಡಿದ್ದ ಕೀಲಿ ತೆಗೆದು ಬೀಗ ಬಿಚ್ಚಿದರು. ಒಳಗೆ ಮಡಿಕೆ ಕೆಡದ ಸೀರೆಗಳು, ಅವುಗಳ ಮೇಲೊಂದು ಕನ್ನಡಕ.

"ನಮ್ಮನೆಯವಳದ್ದು" ಅಂದರು. "ಹೋಗಿ ಎರಡು ವರ್ಷ ಆಯ್ತು."

ಪೆರುಮಾಳ್ ಸರಕ್ಕನೆ ಹೊರಗೆ ನಡೆದ. ನಾನೂ ಅವನ ಹಿಂದೆಯೇ ಬಂದೆ.

ಮಧ್ಯಾಹ್ನ ಒಗೆಯಲೆಂದು ಅಂಗಿ ತೆಗೆದರೆ ಜೇಬಿನಲ್ಲಿ ಟಾಕೀಸಿನ ಸೈಕಲ್ ಸ್ಟ್ಯಾಂಡಿನ ಚೀಟಿ! ಹಿಂದಿನ ಸಂಜೆ ಸಿನಿಮಾದ ಮಾತಿನ ಭರದಲ್ಲಿ ಪೆರುಮಾಳನ ಜೊತೆ ನಡೆದುಕೊಂಡೇ ಮನೆಗೆ ಬಂದಿದ್ದೆ.

ಸಂಜೆ ಒಬ್ಬನೇ ಹೋಗಿ, ತಪ್ಪಾಯಿತು ಅಂದೆ. "ಬಿಡಿ ಮೇಷ್ಟ್ರೇ" ಅಂದರು ಗಂಗಾಧರಪ್ಪ. ಮೂಲೆಯ ಕಡೆ ನೋಡುತ್ತ, "ಅವಳು ಹೋದ್ಮೇಲೆ ಆ ಟ್ರಂಕು ತೆಗೆದೇ ಇರ್ಲಿಲ್ಲ. ನನ್ನ ಕೈಲಿ ಆಗ್ತಿರ್ಲಿಲ್ಲ. ಇವತ್ತು ತೆಗೆಯೋ ಹಾಗಾಯ್ತು" ಅಂದರು. ಅದು ಆಕ್ಷೇಪವೋ, ಸಮಾಧಾನವೋ, ನನಗೆ ಇಂದಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಅವರು ಹೊಳೆಹೊನ್ನೂರಿನ ಕಡೆ ಮನೆ ಮಾಡಿಕೊಂಡು ಹೋದರು.

ನಿನ್ನೆ ಶಿವಮೊಗ್ಗದ ಮನೆಯಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿ, ಆ ಸಿನಿಮಾವನ್ನು ಮತ್ತೆ ನೋಡಿದೆ. ಬಯಲು ಈಗಲೂ ಚೆನ್ನಾಗಿದೆ. ಆದರೆ ಈ ಸಲ ನನ್ನ ಕಣ್ಣು ಗುಡಿಸಲಿನವನ ಮೇಲಿತ್ತು. ಅವನ ಕೆನ್ನೆಯ ಮೇಲೆ ಗಾಯ ಬರೆದವರು ಯಾರು? ಅವನು ಬಂದಾಗಲೆಲ್ಲ ಸಂಗೀತ ಯಾಕೆ ಗುರುಗುಟ್ಟುತ್ತದೆ? ಅಷ್ಟು ತಾಳ್ಮೆಯ ಕ್ಯಾಮೆರಾ ಅವನ ಬಾಗಿಲವರೆಗೆ ಹೋಗಿ ಹಿಂದಿರುಗುತ್ತದೆ. ಒಳಗೆ ಏನಿತ್ತೆಂದು ಕೊನೆಯವರೆಗೂ ತೋರಿಸುವುದಿಲ್ಲ. ಆ ಲೋಕದಲ್ಲಿ ಅನುಮಾನ ಒಮ್ಮೆಯೂ ತಪ್ಪಾಗುವುದಿಲ್ಲ. ನನಗೆ ನಿರ್ದೇಶಕನ ಮೇಲೆಯೇ ಅನುಮಾನ ಬಂತು.

ಆ ಹುಡುಗಿಗೆ ಫೋನು ಮಾಡಿದೆ. "ದೋಷ ಸಿಕ್ತಮ್ಮ. ಹತ್ತು ನಿಮಿಷ ಸಾಲಲ್ಲ, ಇನ್ನೊಂದೈದು ಕೊಡು."

"ಏನ್ ಸರ್ ದೋಷ?"

"ಬಂದು ಹೇಳ್ತೀನಿ" ಅಂದೆ. "ಅದ್ರಲ್ಲಿ ನಂದೂ ಒಂದಿದೆ."