ಬೆಳ್ಳಿ ತೊಳೆದ ಹಳ್ಳ

ಅಪ್ಪ ಅಣ್ಣನ ತಲೆಯನ್ನು ಹಳ್ಳದ ನೀರಿನಲ್ಲಿ ಅದುಮಿ ಹಿಡಿದಾಗ ನಾನು ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೊದಲು ತಮಾಷೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಪ್ರೀತಿ ಬಂದರೂ ಗುದ್ದುವುದೇ ರೂಢಿ.

ಯಾದಗಿರಿ ಕಡೆಯಿಂದ ಮರಾಠಿ ಸೀಮೆಗೆ ಗಾರೆ ಕೆಲಸಕ್ಕೆ ಬಂದ ನಮಗೆ ಕಾತ್ರಜ ಘಾಟಿನ ಬುಡದ ಆ ಹಳ್ಳವೇ ಸಂತೆ. ರಜೆಯ ದಿನ ಅಪ್ಪ ಕಲ್ಲು ಎತ್ತಿ ಏಡಿ ಹಿಡಿಯುತ್ತಿದ್ದ. ಪಾಚಿಗಟ್ಟಿದ ಆ ಕಲ್ಲುಗಳ ಮೇಲೆ ಜಾರಿ ಬೀಳದವರು ನಮ್ಮ ವಸ್ತಿಯಲ್ಲಿ ಯಾರೂ ಇಲ್ಲ. ನನ್ನ ಮುಂದಿನ ಹಲ್ಲು ಮುರಿದದ್ದೂ ಅಲ್ಲೇ.

ಆಮೇಲೆ ಅಣ್ಣನಿಗೆ ಹಳ್ಳದ ಮೇಲ್ಬದಿಯ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ವಾಸನೆ ಬಾರದ ಸಾಕ್ಸ್ ಮಾಡುವ ಜಾಗ. ಕಣ್ಣಿಗೆ ಕಾಣದಷ್ಟು ನುಣ್ಣಗಿನ ಬೆಳ್ಳಿಯ ಕಣ ಬೆರೆಸಿದ ನೀರಿನಲ್ಲಿ ಸಾಕ್ಸ್ ಅದ್ದುತ್ತಿದ್ದರು. ಬೆವರಿನ ಕ್ರಿಮಿಯನ್ನು ಅದು ಕೊಲ್ಲುತ್ತದಂತೆ. ಸಂಜೆ ಆ ನೀರಿನ ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯುವುದು ಅಣ್ಣನ ಪಾಲಿಗೆ ಬಂತು. ನಾವು ತಡೆದೆವೇ? ಅವ್ವ ಕೈ ಮುಗಿದಳು.

"ಕೂಸಿಗೆ ಬೆಳ್ಳಿ ಬಟ್ಟಲದಾಗ ಹಾಲು ಕುಡಸ್ತಾರ. ನಮ್ಮ ಹಳ್ಳಕ್ಕ ಬೆಳ್ಳಿ ಬರ್ಲಾಕತ್ತದ, ಪುಣ್ಯ!"

ಅಪ್ಪನಂತೂ ಪಕ್ಕದ ಮನೆಯವರಿಗೆ ಮರಾಠಿಯಲ್ಲಿ ಹೇಳಿ ಮೀಸೆ ತಿರುವಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಯಾರಿಗೂ ನೆನಪಾಗಲಿಲ್ಲ.

ಬೆವರಿನ ಕ್ರಿಮಿ ಯಾವುದು, ಹಳ್ಳದ ಜೀವ ಯಾವುದು ಎಂದು ಬೆಳ್ಳಿ ಕೇಳುವುದಿಲ್ಲ. ಮೊದಲು ನೀರಿಗೆ ಬಿದ್ದ ಎಲೆಗಳು ಕೊಳೆಯುವುದು ನಿಂತಿತು. ಆ ಎಲೆ ತಿಂದು ಬದುಕುವ ಹುಳುಗಳು ಹೋದವು, ಬಸವನಹುಳುಗಳೂ ಹೋದವು. ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಏಡಿ ಸಾರು ಕುಡಿದರೆ ಹಾಲಿಳಿಯುತ್ತದೆ ಎಂಬುದು ನಮ್ಮವರ ನಂಬಿಕೆ. ಅಂದು ಅಪ್ಪ ಎತ್ತಿದ ಪ್ರತಿ ಕಲ್ಲಿನಡಿಯೂ ಏಡಿಗಳು ಹೊಟ್ಟೆ ಮೇಲಾಗಿ ಸತ್ತಿದ್ದವು. ಅದೇ ಹೊತ್ತಿಗೆ ಅಣ್ಣ ಡ್ರಮ್ಮು ಉರುಳಿಸಿಕೊಂಡು ಬಂದು, ತೊಳೆದ ನೀರನ್ನು ಅಪ್ಪನ ಕಾಲ ಬಳಿಯೇ ಚೆಲ್ಲಿದ.

ಅಪ್ಪ ಅವನ ಬಾಯಿಗೆ ಗುದ್ದಿದ. ಬಿದ್ದವನ ಬೆನ್ನ ಮೇಲೆ ಮಂಡಿಯೂರಿ, ಕೂದಲು ಹಿಡಿದು ಮುಖವನ್ನು ನೀರಿಗೆ ತುರುಕಿದ.

"ಬೆಳ್ಳಿ ಅಲ್ಲೇನೋ? ಕುಡಿ! ನೀನೂ ಕುಡಿ!"

ಒದೆಯುತ್ತಿದ್ದ ಅಣ್ಣನ ಕಾಲುಗಳು ನಿಧಾನವಾದವು.

"ಯಪ್ಪಾ, ಬಿಡು! ಸಾಯ್ತಾನ!" ಎಂದು ಕಿರುಚಿದೆ. ಬಿಡಲಿಲ್ಲ. ಕಲ್ಲಿಂದ ಕಲ್ಲಿಗೆ ಓಡಿ ಹಳ್ಳ ದಾಟಿ, ಬಟ್ಟೆ ಬಡಿಯುವ ಕೋಲಿನಿಂದ ಅಪ್ಪನ ಮುಂಗೈಗೆ ಬಾರಿಸಿದೆ. ಎಲುಬು ಮುರಿದ ಸದ್ದು ಕೇಳಿತು. ಇನ್ನೊಂದು ಬಾರಿಸಿದೆ. ಅಷ್ಟು ಸಿಟ್ಟಿತ್ತು ನನಗೆ, ಇವತ್ತಿಗೂ ಇದೆ. ಅಣ್ಣ ತಲೆಯೆತ್ತಿ ನೀರು, ರಕ್ತ, ಒಂದು ಹಲ್ಲು ಉಗುಳಿದ.

ಮುರಿದ ಕೈಯನ್ನು ಎದೆಗೆ ಅವಚಿಕೊಂಡ ಅಪ್ಪ ನನ್ನ ಬರಿಗಾಲನ್ನೇ ನೋಡುತ್ತಿದ್ದ.

"ನೀ ಹೆಂಗ ಓಡಿ ಬಂದಿ?" ಎಂದ. "ಈ ಹಳ್ಳದಾಗ ಯಾರೂ ಓಡಂಗಿಲ್ಲ."

ಬಗ್ಗಿ ಕಲ್ಲು ಸವರಿದೆ. ಬೆಳಗಿಟ್ಟ ತಟ್ಟೆಯ ಹಾಗಿತ್ತು. ಪಾಚಿ ಬದುಕಿದ್ದರೆ ನಾನು ಮೊದಲ ಹೆಜ್ಜೆಗೇ ಬೀಳುತ್ತಿದ್ದೆ, ಅಣ್ಣ ಅಲ್ಲೇ ಸಾಯುತ್ತಿದ್ದ.

ಮನೆಯಲ್ಲಿ ಕೂಸು ಇನ್ನೂ ಅಳುತ್ತಿತ್ತು.