ಗಿರಿಜವ್ವನ ನಿಂಬೆಹುಲ್ಲು ಮತ್ತು ನೀಲಿ ಡ್ರಮ್ಮು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಚಾಳೊಂದರ ಹಿಂದೆ ಗಿರಿಜವ್ವ ಕುಡುಗೋಲು ಹಿಡಿದು ಕೂತಿದ್ದಾರೆ. ಎಡಗೈಗೆ, ತೀರಿಹೋದ ಗಂಡ ಚನ್ನಪ್ಪನ ಹಳೆಯ ಕಾಲುಚೀಲ. ನಿಂಬೆಹುಲ್ಲಿನ ಅಂಚು ಬರಿಗೈಯನ್ನು ಕೊಯ್ಯುತ್ತದೆ. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಹುಲ್ಲು ಕೊಯ್ದು, ಮೂಸಿ ನೋಡಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಎಣ್ಣೆ ಡಬ್ಬಗಳಲ್ಲಿ ಹೊಸದಾಗಿ ನೆಟ್ಟ ಹುಲ್ಲಿನ ಮೊದಲ ಕೊಯ್ಲು ಇದು. ಇದೂ ಕೆಟ್ಟರೆ ಚನ್ನಪ್ಪ ನೆಟ್ಟ ತಳಿ ಈ ಮನೆಯಲ್ಲಿ ಮುಗಿದಂತೆ.

ಇಲ್ಲಿಯವರು ಗವತಿ ಚಹಾ ಎನ್ನುವ ಈ ಹುಲ್ಲನ್ನು ಸೂಡು ಕಟ್ಟಿ, ಶುಂಠಿ, ಪುದೀನಾದ ಜೊತೆ ಸ್ಟೇಷನ್ನಿನ ಹಾದಿಯಲ್ಲಿ ಮಾರುವುದು ಗಿರಿಜವ್ವನ ಕಸುಬು. ಮುದ್ದೇಬಿಹಾಳದ ಕಡೆಯಿಂದ ಬಂದ ಚನ್ನಪ್ಪ ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಚಾಳಿನ ಗೋಡೆಯ ಮಗ್ಗುಲಿಗೆ ಒಂದು ಹಿಳ್ಳು, ಬೇರುಸಹಿತ ಮರಿ, ಊರಿದ್ದರು. ಅವರು ಹೋದ ಮೇಲೆ ಆ ಹುಲ್ಲೇ ಮನೆ ನಡೆಸಿತು.

ಹೋದ ವರ್ಷ ಗೋಡೆಯ ಪಕ್ಕಕ್ಕೆಲ್ಲ ಕಾಂಕ್ರೀಟ್ ಬಂತು. ಗಿರಿಜವ್ವ ಗುಜರಿಯಿಂದ ನೀಲಿ ಡ್ರಮ್ಮೊಂದನ್ನು ತಂದು, ಅರ್ಧ ಕೊಯ್ಯಿಸಿ, ಬೂದಿ ಹಾಕಿ ತಿಕ್ಕಿ ತೊಳೆದು ಹುಲ್ಲನ್ನೆಲ್ಲ ಅದಕ್ಕೆ ಸಾಗಿಸಿದರು. ಈ ಕಡೆ ತುಳಸಿಯಿಂದ ಕರಿಬೇವಿನವರೆಗೆ ಎಲ್ಲ ಬೆಳೆಯುವುದು ಇಂಥ ಡ್ರಮ್ಮಿನಲ್ಲೇ. ಅದರಲ್ಲಿ ಮೊದಲು ಏನಿತ್ತೆಂದು ಯಾರೂ ಕೇಳುವುದಿಲ್ಲ. ಹುಲ್ಲು ಸೊಂಪಾಗಿಯೇ ಬಂತು.

ಹೊಸ ಕೊಯ್ಲಿನ ಚಹಾ ಮೊದಲು ದೇವರ ಜಗಲಿಗೆ, ಆಮೇಲೆ ತಮಗೆ, ಕೊನೆಗೆ ಪೇಟೆಗೆ ಎಂಬುದು ಆ ಮನೆಯ ಪದ್ಧತಿ. ಡ್ರಮ್ಮಿನ ಹುಲ್ಲಿನ ಮೊದಲ ಚಹಾ ಕುದಿಸಿದಾಗ ನೀರಿನಿಂದ ಎದ್ದದ್ದು ಕಾರ್ಖಾನೆಯ ನಾತ.

"ದೇವರಿಗಿ ಇಡಾಕ ಬರಲಾರದ್ದು ಮಂದಿಗಿ ಹೆಂಗ ಮಾರ್ಲಿರಿ? ಅವ್ರ ಕೈಲೆ ನೆಟ್ಟಿದ್ದು, ಒಗ್ಯಾಕ ಮನಸ ಬರಲಿಲ್ಲ. ಆದ್ರೂ ಬುಡಸಮೇತ ಒಗದ್ನಿ," ಎನ್ನುತ್ತಾರೆ ಗಿರಿಜವ್ವ.

ಆಗ ನೆನಪಾದವರು ದಮಯಂತಿ, ಚಾಳು ಬಿಟ್ಟು ಟಿಟ್ವಾಳಾಕ್ಕೆ ಹೋದ ಉಡುಪಿ ಕಡೆಯ ನೆರೆಯವರು. ಹೊರಡುವಾಗ ಚನ್ನಪ್ಪ ಅವರಿಗೊಂದು ಹಿಳ್ಳು ಕಿತ್ತು ಕೊಟ್ಟಿದ್ದರು. ಗಿರಿಜವ್ವ ಅಲ್ಲಿಯ ಗಣಪತಿಗೆ ಕೈಮುಗಿದು ಅವರ ಬಾಗಿಲಲ್ಲಿ ನಿಂತರು.

"ಚನ್ನಪ್ಪಣ್ಣ ಕೊಟ್ಟದ್ದೇ ಅಲ್ವಾ ಗಿರಿಜಕ್ಕ? ಅದಕ್ಕೆ ಕೇಳ್ಲಿಕ್ಕೆ ಉಂಟಾ ಮಾರಾಯ್ರೆ! ಪುನಃ ಡ್ರಮ್ಮಿಗೆ ಮಾತ್ರ ಹಾಕ್ಬೇಡಿ," ಎಂದ ದಮಯಂತಿ, ಹಿಳ್ಳುಗಳ ಜೊತೆ ಗಂಡ ಕೆಲಸ ಮಾಡುವ ಹೋಟೆಲಿನ ಖಾಲಿ ಎಣ್ಣೆ ಡಬ್ಬಗಳನ್ನೂ ಹೊರಿಸಿ ಕಳಿಸಿದರು.

ಈಗ ಒಲೆಯ ಮೇಲೆ ಆ ಡಬ್ಬಗಳ ಹುಲ್ಲು ಕುದಿಯುತ್ತಿದೆ. ಗಿರಿಜವ್ವ ಲೋಟವನ್ನು ಜಗಲಿಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ಆಮೇಲೆ ಒಂದು ಗುಟುಕು ಕುಡಿಯುತ್ತಾರೆ. ಇನ್ನೊಂದು. ಲೋಟ ಖಾಲಿ ಮಾಡಿ ಸೂಡು ಕಟ್ಟಲು ಕೂರುತ್ತಾರೆ.

ಸ್ಟೇಷನ್ನಿನ ಹಾದಿಯಲ್ಲಿ ಚಹಾದಂಗಡಿಯ ಹುಲಗಪ್ಪ ಕಾಲೆಳೆಯುತ್ತಾನೆ: "ಏನ್ ಯವ್ವಾ, ಇಷ್ಟ್ ದಿನಕ್ಕ ಬಂದಿ, ಸೂಡು ಇಷ್ಟ ಸಣ್ಣದೇನ?"

"ನಿನ್ನ ಅರ್ಧ ಚಾದ ಕಟಿಂಗ್ ಗ್ಲಾಸಿಗಿಂತ ದೊಡ್ಡದೈತಿ, ತಗೋ."

ಸೂಡಿನ ಜೊತೆ ಬೇರುಳ್ಳ ಒಂದು ಹಿಳ್ಳನ್ನೂ ಅವನ ಕೈಗಿಡುತ್ತಾರೆ. ಅವನೇ ಬೆಳೆದುಕೊಂಡರೆ ಒಬ್ಬ ಗಿರಾಕಿ ಕಡಿಮೆಯಾಗುವುದಿಲ್ಲವೇ ಎಂದು ನಾವು ಕೇಳಿದರೆ, ಕಾಲುಚೀಲವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಹೇಳುತ್ತಾರೆ:

"ಆಗವಲ್ದ್ಯಾಕ ಬಿಡ್ರಿ. ನಂದು ಮತ್ತ ಹೋತಂದ್ರ, ಇಂವನ ಮನ್ಯಾಗ ಇಸ್ಕೊಳ್ಳಾಕ ಬರತೈತಲ್ಲ."